ಬಿಸಿನೀರು ಕುಡಿಸಿ ಬಿತ್ತುವ ಬೀಜ

ಕೇಳುಗ ರೈತ ಬಾಂಧವರಿಗೆ ನಮಸ್ಕಾರ.

ಹುರುಳಿಕಾಳು ರಾತ್ರಿ ನೆನೆಹಾಕಿ ಬೆಳಿಗ್ಗೆ ನೋಡಿದ್ದೀರಲ್ಲ? ಎಲ್ಲವೂ ಉಬ್ಬಿರುತ್ತವೆ. ನಡುವೆ ಒಂದೆರಡು ಮಾತ್ರ ಹಾಕಿದ ಹಾಗೇ ಉಳಿದಿರುತ್ತವೆ. ಸಾರಿನಲ್ಲಿ ಹಲ್ಲಿಗೆ ಸಿಕ್ಕಿ ಕಟಕ್ ಎನ್ನುವುದು ಅವೇ. ಆ ಕಾಳು ಸತ್ತಿಲ್ಲ. ಸಿಪ್ಪೆ ನೀರನ್ನು ಒಳಗೆ ಬಿಟ್ಟಿಲ್ಲ, ಅಷ್ಟೆ.

ಹುರುಳಿಯಲ್ಲಿ ಒಂದೆರಡು ಹೀಗಾದರೆ, ಮೇವಿನ ಮರ ಸುಬಾಬುಲ್, ಕರಿಜಾಲಿ, ಸ್ಟೈಲೊ ಎಂಬ ಮೇವಿನ ಗಿಡ, ಇವುಗಳ ಬೀಜಗಳಲ್ಲಿ ಬಹುಪಾಲು ಹೀಗೇ. ಸುಮ್ನೆ ಬಿತ್ತಿದರೆ ಒಂದು ವಾರಕ್ಕೆ ಹುಟ್ಟುತ್ತದೆ, ಇನ್ನೊಂದು ತಿಂಗಳಿಗೆ, ಮತ್ತೊಂದು ಮುಂದಿನ ಮಳೆಗಾಲಕ್ಕೆ. ಕಾಡಿನಲ್ಲಿ ಅದು ಜಾಣತನ. ಒಂದು ಮಳೆ ಕೈಕೊಟ್ಟರೂ ವಂಶ ಉಳಿಯುತ್ತದೆ. ನಮಗೆ ಮಾತ್ರ ತೊಂದರೆ. ಸುಬಾಬುಲ್ ಸಸಿ ಮೊದಲ ಕೆಲವು ವಾರ ಬೆಳೆಯುವುದೇ ನಿಧಾನ. ಹುಟ್ಟುವುದೂ ತಡವಾದರೆ ಕಳೆಯ ಅಡಿಯಲ್ಲೇ ಮುಗಿಯಿತು.

ಅದಕ್ಕೇ ಬಿಸಿನೀರಿನ ಉಪಚಾರ. ನೀರು ಕುದಿಸಿ, ಒಲೆಯಿಂದ ಇಳಿಸಿ, ಸ್ವಲ್ಪ ಹೊತ್ತು ಬಿಡಿ. 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಬೀಜ ಹಾಕಿ, 3ರಿಂದ 4 ನಿಮಿಷ ಕಲಕಿ. ಆ ನೀರು ಬಸಿದು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ. ಬಿಸಿಗೆ ಬೀಜದ ಕಣ್ಣಿನ, ಅಂದರೆ ಕಾಯಿಗೆ ಅಂಟಿಕೊಂಡಿದ್ದ ಜಾಗದ, ಹತ್ತಿರ ಸಿಪ್ಪೆ ಸಡಿಲವಾಗಿ ಸಣ್ಣ ಸೀಳು ಬಿಡುತ್ತದೆ. ನೀರು ನುಗ್ಗುವುದು ಅಲ್ಲಿಂದಲೇ.

ಮೊದಲ ವರ್ಷ ನಾನು ಪಾತ್ರೆಯನ್ನು ಒಲೆಯ ಮೇಲೇ ಬಿಟ್ಟು ಹಸು ಕಟ್ಟಲು ಹೋದೆ. ಬರುವಷ್ಟರಲ್ಲಿ ಬೀಜ ಕೊತಕೊತ ಕುದಿಯುತ್ತಿತ್ತು. ‘ಒಗ್ಗರಣೆ ಹಾಕೋದೊಂದು ಬಾಕಿ’ ಅಂದರು ಮನೆಯವರು. ಹಟಕ್ಕೆ ಬಿತ್ತಿದೆ. ಒಂದೂ ಹುಟ್ಟಲಿಲ್ಲ. ಹಾಗಾಗಿ ಮೊದಲು 20 ಬೀಜಕ್ಕೆ ಮಾಡಿ ನೋಡಿ. ಹಳೇ ಬೀಜ, ಹೊಸ ಬೀಜ ಒಂದೇ ಥರ ಇರುವುದಿಲ್ಲ.

ಬೆಳಿಗ್ಗೆ ಉಬ್ಬಿ ಹೊಳಪು ಕಳೆದುಕೊಂಡ ಬೀಜಗಳನ್ನು ಆರಿಸಿ ಅಂದೇ ಬಿತ್ತಿ. ನೆನೆದ ಬೀಜ ಮತ್ತೆ ಒಣಗಿದರೆ ಕೆಟ್ಟಿತು. ಉಬ್ಬದವನ್ನು ಬಿಸಾಡಬೇಡಿ, ಇನ್ನೊಮ್ಮೆ ಬಿಸಿನೀರು ತೋರಿಸಿ. ಹತ್ತಿಪ್ಪತ್ತೇ ಬೀಜ ಇದ್ದರೆ ಒಲೆ ಹಚ್ಚುವುದೂ ಬೇಡ. ಉಗುರು ಕತ್ತರಿಯಲ್ಲಿ ಸಿಪ್ಪೆಯ ಚೂರು ತೆಗೆದರೆ ಸಾಕು. ಕಣ್ಣಿನ ಕಡೆ ಮಾತ್ರ ಕತ್ತರಿಸಬೇಡಿ, ಮೊಳಕೆ ಇರುವುದು ಅಲ್ಲೇ. ಗಂಧಕಾಮ್ಲದಲ್ಲಿ ಅದ್ದುವ ವಿಧಾನವೂ ಇದೆ. ಅದು ಪ್ರಯೋಗಾಲಯದವರಿಗೆ ಇರಲಿ. ಮಕ್ಕಳು ಓಡಾಡುವ ಅಂಗಳಕ್ಕೆ ಅದು ಬೇಡವೇ ಬೇಡ.

ಸಿಪ್ಪೆ ಒಡೆದರೆ ಅರ್ಧ ಕೆಲಸ ಆಯಿತು. ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯುವ ರೈಜೋಬಿಯಂ ಎಂಬ ಜೀವಾಣು ಸಿಕ್ಕರೆ ಎಳೆ ಸಸಿ ಹಸಿರಾಗಿ ಏಳುತ್ತದೆ. ಬಿಸಿನೀರಿಗೆ ಮೊದಲೇ ಹಚ್ಚಿದರೆ ಆ ಜೀವಾಣು ಸತ್ತುಹೋಗುತ್ತದೆ. ನೆನೆದ ಮೇಲೆ, ಆರಿದ ಬೆಲ್ಲದ ಪಾಕದಲ್ಲಿ ಕಲಸಿ, ನೆರಳಿನಲ್ಲೇ ಹಚ್ಚಿ, ತಕ್ಷಣ ಬಿತ್ತಿ. ಸುಬಾಬುಲ್ ಮೆಕ್ಸಿಕೊ ಕಡೆಯಿಂದ ಬಂದ ಗಿಡ. ಎಲ್ಲ ರೈಜೋಬಿಯಂ ಇದಕ್ಕೆ ಒಗ್ಗುವುದಿಲ್ಲ. ಇದಕ್ಕೆ ಒಗ್ಗುವ ರೈಜೋಬಿಯಂ ಪೊಟ್ಟಣ ಸಿಗದಿದ್ದರೆ ಹಳೇ ಸುಬಾಬುಲ್ ಮರದ ಬುಡದ ಒಂದು ಬೊಗಸೆ ಮಣ್ಣನ್ನು ಸಸಿ ಬೆಳೆಸುವ ಚೀಲದ ಮಣ್ಣಿಗೆ ಬೆರೆಸಿ.

ಇಷ್ಟೆಲ್ಲ ನಾವು ಪಾತ್ರೆ ಹಿಡಿದು ಮಾಡುತ್ತೇವೆ, ಆಡು ಮಾತ್ರ ಜಾಲಿಕಾಯಿ ತಿಂದು ಹೊಟ್ಟೆಯಲ್ಲೇ ಮುಗಿಸುತ್ತದೆ! ಆಡಿನ ಹಟ್ಟಿಯ ಗೊಬ್ಬರದಲ್ಲಿ ಜಾಲಿ ಸಸಿ ಏಳುವುದನ್ನು ನೋಡಿರುತ್ತೀರಿ, ಅಲ್ವಾ? ಅದೇ ಆಡು ನಿಮ್ಮ ಸುಬಾಬುಲ್ ಸಸಿ ಗೇಣುದ್ದ ಬಂದಾಗ ಮೇಯಲು ಬರುತ್ತದೆ. ಬಿತ್ತುವ ಮೊದಲೇ ಬೇಲಿ ಗಟ್ಟಿ ಮಾಡಿಕೊಳ್ಳಿ. ನಮಸ್ಕಾರ.