ಶೇಕಡ 99ರಷ್ಟು ನಿಖರವಾದ ಕಾವಲುಗಾರ ಏಕೆ ಸಾಲುವುದಿಲ್ಲ? ನೆಟ್‌ವರ್ಕ್ ಕಾವಲಿನ ಲೆಕ್ಕಾಚಾರ

[ಪರದೆ: ಕತ್ತಲ ಕೋಣೆ, ಸಾಲು ಸಾಲು ಮಾನಿಟರ್‌ಗಳು]

ನಮಸ್ಕಾರ ವೀಕ್ಷಕರೇ. ಕೆಲವು ದಿನಗಳ ಹಿಂದೆ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಸಾವಿರಾರು ಕಂಪ್ಯೂಟರ್‌ಗಳಿರುವ ನೆಟ್‌ವರ್ಕನ್ನು ಕಾಯಲು ಇಷ್ಟೆಲ್ಲ ಸ್ವಯಂಚಾಲಿತ ಸಾಧನಗಳಿರುವಾಗ, ಅವುಗಳ ಪರದೆಗಳ ಮುಂದೆ ಮನುಷ್ಯರು ರಾತ್ರಿಯಿಡೀ ನಿದ್ದೆಗೆಟ್ಟು ಏಕೆ ಕುಳಿತಿರಬೇಕು? ಕಳ್ಳನನ್ನು ಕಂಡದ್ದು ಯಂತ್ರವೇ ಆದರೆ, ಅದೇ ಅವನನ್ನು ಹಿಡಿದು ಹೊರಹಾಕಬಾರದೇಕೆ? ಎರಡು ವಾಕ್ಯಗಳಲ್ಲಿ ಉತ್ತರಿಸಿ ಮುಗಿಸಬಹುದೆಂದು ನಾನು ಭಾವಿಸಿದ್ದೆ. ಆದರೆ ಕಾಗದ ಪೆನ್ನು ಹಿಡಿದು ಕುಳಿತಾಗ ತಿಳಿದದ್ದೇನೆಂದರೆ, ಈ ಪ್ರಶ್ನೆಯ ಉತ್ತರದ ಬಹುಭಾಗ ಇರುವುದು ಹ್ಯಾಕರ್‌ಗಳ ಜಾಣತನದಲ್ಲಲ್ಲ, ನಾವೆಲ್ಲರೂ ಶಾಲೆಯಲ್ಲಿ ಅರೆಮನಸ್ಸಿನಿಂದ ಕಲಿತ ಸಂಭವನೀಯತೆಯ ಪಾಠದಲ್ಲಿ.

ಮೂಲಭೂತ ಸಂಗತಿಗಳನ್ನು ಬೇಗನೆ ದಾಟಿಬಿಡೋಣ. ನೆಟ್‌ವರ್ಕಿನ ಮೇಲೆ ಕಣ್ಣಿಡುವ ಸಾಧನಗಳಿಗೆ ಮುಖ್ಯವಾಗಿ ಮೂರು ಬಗೆಯ ಮಾಹಿತಿ ಸಿಗುತ್ತದೆ. ತಂತಿಯಲ್ಲಿ ಹರಿಯುವ ಪ್ಯಾಕೆಟ್‌ಗಳು, ಎಂದರೆ ಮಾಹಿತಿಯ ಸಣ್ಣ ಸಣ್ಣ ಪೊಟ್ಟಣಗಳು, ಮೊದಲನೆಯದು. ಯಾರು ಯಾರೊಡನೆ ಎಷ್ಟು ಹೊತ್ತು ಮಾತನಾಡಿದರೆಂಬುದನ್ನು ಮಾತ್ರ ಹೇಳುವ, ಏನು ಮಾತನಾಡಿದರೆಂದು ಹೇಳದ, ದೂರವಾಣಿ ಬಿಲ್ಲಿನಂತಹ ಫ್ಲೋ ದಾಖಲೆಗಳು ಎರಡನೆಯದು. ಪ್ರತಿಯೊಂದು ಸರ್ವರ್ ತನ್ನ ಪಾಡಿಗೆ ತಾನು ಬರೆದಿಡುವ ಲಾಗ್‌ಗಳು ಮೂರನೆಯದು. ಈ ರಾಶಿಯಿಂದ ಕೇಡನ್ನು ಹೆಕ್ಕಿ ತೆಗೆಯಲು ಇರುವ ದಾರಿಗಳು ಎರಡು. ಗೊತ್ತಿರುವ ದಾಳಿಯ ಗುರುತನ್ನು ಹುಡುಕುವುದು ಒಂದು, ಎಂದಿನಂತಿಲ್ಲದ ನಡವಳಿಕೆಯನ್ನು ಹುಡುಕುವುದು ಇನ್ನೊಂದು. ಈ ಎರಡನೆಯ ದಾರಿಗೆ ಶಾಸ್ತ್ರೀಯ ರೂಪ ಕೊಟ್ಟವರು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೊರೊಥಿ ಡೆನ್ನಿಂಗ್. 1987ರಲ್ಲಿ ಅವರು ಪ್ರಕಟಿಸಿದ ಮಾದರಿ ಇಂದಿಗೂ ಈ ಕ್ಷೇತ್ರದ ತಳಪಾಯವಾಗಿ ಉಳಿದಿದೆ.

ಗುರುತು ಹುಡುಕುವುದೆಂದರೆ ನಿಜಕ್ಕೂ ಏನೆಂಬುದನ್ನು ಹತ್ತಿರದಿಂದ ನೋಡೋಣ. 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ವರ್ಮ್, ಎಂದರೆ ತನ್ನನ್ನು ತಾನೇ ನಕಲಿಸಿಕೊಂಡು ಯಂತ್ರದಿಂದ ಯಂತ್ರಕ್ಕೆ ಹಬ್ಬುವ ಪ್ರೋಗ್ರಾಂ, ಅಂತರಜಾಲದಲ್ಲಿ ಹರಡಿತು. ಅದರ ಇಡೀ ಶರೀರ ಕೇವಲ 376 ಬೈಟ್‌ಗಳಷ್ಟಿತ್ತು, ಎಂದರೆ ನಾನು ಈಗಷ್ಟೇ ಹೇಳಿದ ಒಂದು ಉದ್ದನೆಯ ವಾಕ್ಯಕ್ಕಿಂತ ಹೆಚ್ಚಿನದೇನಲ್ಲ. ಅದನ್ನು ಹಿಡಿಯಲು ಸ್ನಾರ್ಟ್ ಎಂಬ ಸಾಧನಕ್ಕೆ ಬರೆದ ನಿಯಮವೂ ಅಷ್ಟೇ ಚಿಕ್ಕದು. ಯುಡಿಪಿ ಎಂಬ ಸಂವಹನ ವಿಧಾನದ 1434ನೇ ಪೋರ್ಟಿಗೆ, ಎಂದರೆ ಕಂಪ್ಯೂಟರಿನ ಆ ಸಂಖ್ಯೆಯ ಬಾಗಿಲಿಗೆ, ಬರುತ್ತಿರುವ ಪ್ಯಾಕೆಟ್ಟಿನ ಮೊದಲ ಬೈಟ್ 4 ಆಗಿದ್ದು, ಒಳಗೆ ಗೊತ್ತಾದ ಒಂದು ಬೈಟ್ ಸರಣಿಯ ಜೊತೆಗೆ 'ಸಾಕ್' ಮತ್ತು 'ಸೆಂಡ್' ಎಂಬ ಅಕ್ಷರಗಳು ಕಂಡರೆ ಗಂಟೆ ಬಾರಿಸು ಎಂಬುದೇ ಆ ನಿಯಮದ ಸಾರ. ಇಂತಹ ನಿಯಮ ತಪ್ಪಿ ಕೂಗುವುದು ಅಪರೂಪ. ಆದರೆ ಅದನ್ನು ಬರೆಯಬೇಕಾದರೆ ಯಾರೋ ಒಬ್ಬರು ಅದಾಗಲೇ ದಾಳಿಗೆ ತುತ್ತಾಗಿರಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಈಗ ಎರಡನೆಯ ದಾರಿಯ ಒಂದು ತುಣುಕು.

[ಪರದೆ: ನಾಲ್ಕು ಸಾಲುಗಳ ಫ್ಲೋ ದಾಖಲೆ]

ಒಂದು ಕಂಪ್ಯೂಟರ್ ರಾತ್ರಿ 2 ಗಂಟೆ 7 ಸೆಕೆಂಡಿಗೆ ಹೊರಗಿನ ಯಾವುದೋ ಸರ್ವರಿಗೆ ಸುಮಾರು 300 ಬೈಟ್ ಕಳುಹಿಸುತ್ತದೆ. 2 ಗಂಟೆ 5 ನಿಮಿಷ 7 ಸೆಕೆಂಡಿಗೆ ಮತ್ತೆ ಅಷ್ಟೇ ಕಳುಹಿಸುತ್ತದೆ. 2 ಗಂಟೆ 10 ನಿಮಿಷ 7 ಸೆಕೆಂಡಿಗೆ ಮತ್ತೆ, 15 ನಿಮಿಷ 7 ಸೆಕೆಂಡಿಗೆ ಮತ್ತೆ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವ ಮನುಷ್ಯನನ್ನು ನಾನಂತೂ ಕಂಡಿಲ್ಲ. ಒಳಗೆ ಅಡಗಿ ಕುಳಿತ ದುರುದ್ದೇಶದ ಪ್ರೋಗ್ರಾಂ ಒಂದು ತನ್ನ ಒಡೆಯನಿಗೆ 'ನಾನಿನ್ನೂ ಇಲ್ಲಿದ್ದೇನೆ, ಅಪ್ಪಣೆ ಏನು' ಎಂದು ವರದಿ ಒಪ್ಪಿಸುವುದು ಹೀಗೆಯೇ. ಇದಕ್ಕೆ ಬೀಕನ್ ಎಂದು ಹೆಸರು. ದಾಖಲೆಗಳಲ್ಲಿ ಇಂತಹ ತಾಳವನ್ನು ಹುಡುಕುವುದು ಯಂತ್ರಕ್ಕೆ ಬಹು ಸುಲಭ. ಆದರೆ ಸಾಫ್ಟ್‌ವೇರ್ ಅಪ್‌ಡೇಟ್ ಇದೆಯೇ ಎಂದು ವಿಚಾರಿಸುವ ಪ್ರೋಗ್ರಾಂ, ಹೊಸ ಮೇಲ್ ಬಂದಿದೆಯೇ ಎಂದು ನೋಡುವ ಪ್ರೋಗ್ರಾಂ, ಗಡಿಯಾರವನ್ನು ಸರಿಪಡಿಸಿಕೊಳ್ಳುವ ಪ್ರೋಗ್ರಾಂ, ಕೊನೆಗೆ ನೆಟ್‌ವರ್ಕನ್ನು ಕಾಯುವ ಸಾಧನದ್ದೇ ಒಂದು ತುಂಡು, ಇವೆಲ್ಲವೂ ಇದೇ ತಾಳದಲ್ಲಿ ಹೊರಗೆ ಮಾತನಾಡುತ್ತವೆ. ಇತ್ತ ಜಾಣ ದಾಳಿಕೋರನಾದರೋ ತನ್ನ ಪ್ರೋಗ್ರಾಮಿಗೆ ಬೇಕೆಂದೇ ಹೊತ್ತು ತಪ್ಪಿಸಿ ಮಾತನಾಡಲು ಕಲಿಸಿರುತ್ತಾನೆ. ಹೀಗಾಗಿ ಒಳ್ಳೆಯವರು ಅನುಮಾನಾಸ್ಪದವಾಗಿಯೂ ಕೆಟ್ಟವನು ಸಹಜವಾಗಿಯೂ ಕಾಣುವ ವಿಚಿತ್ರ ಸನ್ನಿವೇಶ ಹುಟ್ಟುತ್ತದೆ.

ನಾನು ನಿಜವಾಗಿ ಹೇಳಬೇಕೆಂದಿದ್ದ ಲೆಕ್ಕ ಇಲ್ಲಿಂದ ಶುರುವಾಗುತ್ತದೆ, ದಯವಿಟ್ಟು ವಿಡಿಯೋ ಮುಂದೋಡಿಸಬೇಡಿ.

[ಪರದೆ: ಖಾಲಿ ಹಲಗೆ, ಸುಣ್ಣದ ಕಡ್ಡಿ]

ಒಂದು ದೊಡ್ಡ ನೆಟ್‌ವರ್ಕಿನಲ್ಲಿ ದಿನಕ್ಕೆ 10 ಲಕ್ಷ ಘಟನೆಗಳು ದಾಖಲಾಗುತ್ತವೆ ಎಂದು ಭಾವಿಸಿ. ಇದು ನಾನು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡ ಸಂಖ್ಯೆ. ಅವುಗಳಲ್ಲಿ ನಿಜವಾದ ದಾಳಿಗೆ ಸೇರಿದವು 10 ಇರಲಿ. ಈಗ ನಿಮಗೊಂದು ಕಾವಲು ಸಾಧನವನ್ನು ಮಾರಲು ಬಂದವರು, ಇದು ನೂರು ದಾಳಿಗಳಲ್ಲಿ 99ನ್ನು ಹಿಡಿಯುತ್ತದೆ, ನೂರು ನಿರಪರಾಧಿ ಘಟನೆಗಳಲ್ಲಿ ಒಂದನ್ನು ಮಾತ್ರ ತಪ್ಪಾಗಿ ದಾಳಿ ಎನ್ನುತ್ತದೆ ಎಂದು ಹೇಳುತ್ತಾರೆ. ಕೇಳಿದ ಕೂಡಲೇ ಕೊಳ್ಳೋಣ ಎನ್ನಿಸುತ್ತದೆ. ಈಗ ಅದು ಬಾರಿಸುವ ಗಂಟೆಗಳನ್ನು ಎಣಿಸೋಣ. 10 ದಾಳಿಗಳಲ್ಲಿ ಹೆಚ್ಚುಕಡಿಮೆ ಹತ್ತೂ ಸಿಕ್ಕಿಬೀಳುತ್ತವೆ. ಉಳಿದ ಸುಮಾರು 10 ಲಕ್ಷ ನಿರಪರಾಧಿ ಘಟನೆಗಳಲ್ಲಿ ನೂರಕ್ಕೊಂದರಂತೆ 10,000 ಸುಳ್ಳು ಗಂಟೆಗಳು ಬಾರಿಸುತ್ತವೆ. ಎಂದರೆ ದಿನವೊಂದಕ್ಕೆ ಬರುವ 10,010 ಅಲರ್ಟ್‌ಗಳಲ್ಲಿ ನಿಜವಾದವು ಹತ್ತು. ಶೇಕಡ 99 ನಿಖರವೆಂದು ನೀವು ಕೊಂಡ ಸಾಧನ ಗಂಟೆ ಬಾರಿಸಿದಾಗ ಅದು ಸತ್ಯವಾಗಿರುವ ಸಾಧ್ಯತೆ ಸಾವಿರಕ್ಕೆ ಒಂದು ಮಾತ್ರ.

ಸಾಧನ ಮಾರಿದವರು ಸುಳ್ಳು ಹೇಳಿಲ್ಲ ಎಂಬುದೇ ಇದರ ಸೊಗಸು. ದಾಳಿ ಅಪರೂಪವಾಗಿರುವುದರಿಂದ, ಸಾಸಿವೆಯಷ್ಟು ಸಣ್ಣ ತಪ್ಪಿನ ಪ್ರಮಾಣವೂ ಅಗಾಧ ರಾಶಿಯೊಂದಿಗೆ ಗುಣಿಸಿಕೊಂಡು ಬೆಟ್ಟವಾಗುತ್ತದೆ. ಒಂದೊಂದು ಅಲರ್ಟನ್ನು ಪರಿಶೀಲಿಸಲು ಐದೇ ನಿಮಿಷ ಸಾಕೆಂದುಕೊಂಡರೂ, ಒಂದು ದಿನದ ಅಲರ್ಟ್‌ಗಳನ್ನು ನೋಡಿ ಮುಗಿಸಲು 800ಕ್ಕೂ ಹೆಚ್ಚು ಗಂಟೆಗಳು ಬೇಕು. ಒಬ್ಬರೇ ಊಟ ನಿದ್ದೆ ಬಿಟ್ಟು ಕುಳಿತರೆ ಹತ್ತಿರ ಹತ್ತಿರ 35 ದಿನಗಳಾಗುತ್ತವೆ. ಎಂಟು ಗಂಟೆಯ ಪಾಳಿಯಲ್ಲಿ ದುಡಿಯುವವರಾದರೆ ನೂರಕ್ಕೂ ಹೆಚ್ಚು ಜನ ಬೇಕು. ಇನ್ನು ಆ ನೂರು ಜನರ ಮನಃಸ್ಥಿತಿಯನ್ನು ಊಹಿಸಿ. 'ತೋಳ ಬಂತು ತೋಳ' ಎಂದು ಕೂಗಿದ ಹುಡುಗನ ಕಥೆಯಲ್ಲಿ ಆ ಹುಡುಗ ಸುಳ್ಳು ಹೇಳಿದ್ದು ಎರಡೋ ಮೂರೋ ಬಾರಿ, ಅಷ್ಟಕ್ಕೇ ಊರವರು ಬರುವುದನ್ನು ಬಿಟ್ಟರು. ಇಲ್ಲಿಯ ಹುಡುಗ ದಿನಕ್ಕೆ ಹತ್ತು ಸಾವಿರ ಬಾರಿ ಕೂಗುತ್ತಾನೆ. ಅದೂ ಸುಳ್ಳು ಹೇಳುವ ಉದ್ದೇಶವಿಲ್ಲದೆ, ಅತ್ಯಂತ ಪ್ರಾಮಾಣಿಕವಾಗಿ.

ಈ ವಾದವನ್ನು ನೆಟ್‌ವರ್ಕ್ ಕಾವಲಿಗೆ ಅನ್ವಯಿಸಿ 1999ರಲ್ಲಿ ಸ್ಪಷ್ಟವಾಗಿ ಮಂಡಿಸಿದವರು ಸ್ವೀಡನ್ನಿನ ಸಂಶೋಧಕ ಸ್ಟೀಫನ್ ಆಕ್ಸೆಲ್ಸನ್. ಅವರ ತೀರ್ಮಾನದ ತಿರುಳು ಇಷ್ಟೇ: ಇಂತಹ ಸಾಧನದ ಯೋಗ್ಯತೆಯನ್ನು ನಿರ್ಧರಿಸುವುದು ಅದು ಎಷ್ಟು ದಾಳಿಗಳನ್ನು ಹಿಡಿಯುತ್ತದೆ ಎಂಬುದಲ್ಲ, ಎಷ್ಟು ಕಡಿಮೆ ಸಲ ಸುಮ್ಮಸುಮ್ಮನೆ ಕೂಗುತ್ತದೆ ಎಂಬುದು. ನಮ್ಮ ಉದಾಹರಣೆಯಲ್ಲಿ ಎರಡು ಅಲರ್ಟ್‌ಗಳಲ್ಲಿ ಒಂದಾದರೂ ನಿಜವಾಗಬೇಕಿದ್ದರೆ, ತಪ್ಪಿನ ಪ್ರಮಾಣ ನೂರಕ್ಕೊಂದರಿಂದ ಲಕ್ಷಕ್ಕೊಂದಕ್ಕೆ ಇಳಿಯಬೇಕು. 'ನಮ್ಮ ಸಾಧನ ಎಲ್ಲವನ್ನೂ ಹಿಡಿಯುತ್ತದೆ' ಎಂಬ ಜಾಹೀರಾತನ್ನು ಕಂಡಾಗಲೆಲ್ಲ ನನಗೆ ನಗು ಬರುವುದು ಇದೇ ಕಾರಣಕ್ಕೆ. ಎಲ್ಲವನ್ನೂ ಹಿಡಿಯುವುದು ಯಾರಿಗೂ ಸಾಧ್ಯ, ಬಂದದ್ದಕ್ಕೆಲ್ಲ ಗಂಟೆ ಬಾರಿಸಿದರಾಯಿತು.

ಹಾಗಾದರೆ ಈ ಲೆಕ್ಕದಿಂದ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲವೇ? ಒಂದಿದೆ, ಮತ್ತು ಅದು ಈ ಲೆಕ್ಕವನ್ನು ಯಾರಾದರೂ ಬರೆಯುವುದಕ್ಕಿಂತ ಹನ್ನೆರಡು ವರ್ಷ ಮೊದಲೇ ಬಳಕೆಗೆ ಬಂದಿತ್ತು.

[ಪರದೆ: ಹಳೆಯ ಪ್ರಿಂಟರ್, ನೆಲದ ಮೇಲೆ ಹರಡಿದ ಕಾಗದ]

1986ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿಗೆ ಒಪ್ಪಿಸಿದ ಕೆಲಸ ತೀರ ಚಿಕ್ಕದಾಗಿತ್ತು. ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್‌ಗಳು ತಾಳೆಯಾಗುತ್ತಿರಲಿಲ್ಲ, ಏಕೆಂದು ನೋಡಬೇಕಾಗಿತ್ತು. ಆ 75 ಸೆಂಟ್‌ಗಳ ಎಳೆ ಹಿಡಿದು ಹೊರಟವರಿಗೆ ಸಿಕ್ಕಿದ್ದು, ಪ್ರಯೋಗಾಲಯದ ಮೂಲಕ ಸೇನಾ ಕಂಪ್ಯೂಟರ್‌ಗಳಿಗೆ ನುಸುಳುತ್ತಿದ್ದ ಅಪರಿಚಿತನೊಬ್ಬನ ಜಾಡು. ಅಲ್ಲಿಲ್ಲಿಂದ ಎರವಲು ತಂದ ಪ್ರಿಂಟರ್‌ಗಳನ್ನು ಸ್ಟಾಲ್ ಒಳಬರುವ ಫೋನ್ ಸಂಪರ್ಕಗಳಿಗೆ ಜೋಡಿಸಿದರು. ಆ ವ್ಯಕ್ತಿ ಒತ್ತಿದ ಪ್ರತಿಯೊಂದು ಕೀಲಿಯೂ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಕದ್ದ ಖಾತೆಗಳಿಂದ ಯಾರಾದರೂ ಒಳಬಂದ ಕೂಡಲೇ ತಮ್ಮ ಪೇಜರ್ ಬಡಿದುಕೊಳ್ಳುವಂತೆ ಬೇರೊಂದು ಕಂಪ್ಯೂಟರಿಗೆ ಪ್ರೋಗ್ರಾಂ ಬರೆದರು. ಇಂದಿನ ಅಲರ್ಟ್ ವ್ಯವಸ್ಥೆಗಳ ಮುತ್ತಾತ ಅದೇ ಪೇಜರ್ ಎಂದರೆ ಅತಿಶಯೋಕ್ತಿಯಾಗಲಾರದು.

ನನಗೆ ಅದಕ್ಕಿಂತಲೂ ಹಿಡಿಸಿದ್ದು ಮುಂದಿನ ಹೆಜ್ಜೆ. ಫೋನ್ ಕರೆಯ ಮೂಲ ಹುಡುಕಲು ಆ ವ್ಯಕ್ತಿ ಬಹಳ ಹೊತ್ತು ಸಂಪರ್ಕದಲ್ಲಿ ಇರಬೇಕಾಗಿತ್ತು, ಆದರೆ ಅವನು ಬಂದಷ್ಟೇ ಬೇಗ ಹೊರಟುಬಿಡುತ್ತಿದ್ದ. ಆಗ ಸ್ಟಾಲ್ ಮತ್ತವರ ಜೊತೆಗಾರರು, ಅಮೆರಿಕದ ಕ್ಷಿಪಣಿ ರಕ್ಷಣಾ ಯೋಜನೆಗೆ ಸಂಬಂಧಿಸಿದ್ದೆಂದು ತೋರುವ, ಆದರೆ ಸಂಪೂರ್ಣ ಕಾಲ್ಪನಿಕವಾದ ದೊಡ್ಡ ದೊಡ್ಡ ಕಡತಗಳನ್ನು ಸೃಷ್ಟಿಸಿ ಕಂಪ್ಯೂಟರಿನಲ್ಲಿ ಇಟ್ಟರು. ಅವನು ಆಸೆಬುರುಕನಂತೆ ಅವನ್ನೆಲ್ಲ ಓದುತ್ತ ಕುಳಿತ. ಅಷ್ಟರಲ್ಲಿ ಕರೆಯ ಜಾಡು ಜರ್ಮನಿಯ ಹ್ಯಾನೋವರ್ ತಲುಪಿತ್ತು. ಆ ಅಪರಿಚಿತನ ಹೆಸರು ಮಾರ್ಕುಸ್ ಹೆಸ್. ಅವನು ಕದ್ದ ಮಾಹಿತಿಯನ್ನು ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರುತ್ತಿದ್ದುದು ಆಮೇಲೆ ಬಯಲಾಯಿತು.

ಈಗ ಹಲಗೆಯ ಮೇಲಿನ ಲೆಕ್ಕಕ್ಕೆ ಹಿಂತಿರುಗಿ. ಆ ಸುಳ್ಳು ಕಡತವನ್ನು ತೆರೆಯಲು ಪ್ರಯೋಗಾಲಯದ ಯಾವ ಉದ್ಯೋಗಿಗೂ ಕಾರಣವಿಲ್ಲ. ಆದ್ದರಿಂದ ಅದನ್ನು ಮುಟ್ಟುವ ಘಟನೆಗಳ ರಾಶಿಯಲ್ಲಿ ನಿರಪರಾಧಿಗಳು ಬಹುಮಟ್ಟಿಗೆ ಇಲ್ಲವೇ ಇಲ್ಲ. 10 ಲಕ್ಷದಲ್ಲಿ ಹತ್ತನ್ನು ಹುಡುಕುವ ಬದಲು, ಬಂದವರೆಲ್ಲ ಬಹುತೇಕ ಕಳ್ಳರೇ ಆಗಿರುವ ಒಂದು ಮೂಲೆಯನ್ನು ನಾವೇ ಕಟ್ಟಿದಂತಾಯಿತು. ಇಂದು ಹನಿಪಾಟ್, ಹನಿಟೋಕನ್ ಎಂದು ಕರೆಯುವುದು ಇದನ್ನೇ. ಯಾರೂ ಬಳಸದ ಪಾಸ್‌ವರ್ಡ್, ಯಾರೂ ಸಂಪರ್ಕಿಸಬೇಕಾಗಿಲ್ಲದ ಸರ್ವರ್, ಹೆಸರಿಗಷ್ಟೇ ಇರುವ ಬಳಕೆದಾರ, ಇವುಗಳನ್ನು ಅಲ್ಲಲ್ಲಿ ಇಟ್ಟು ಸುಮ್ಮನಿರುವುದು. ದುಬಾರಿ ಸಾಧನಗಳ ಸಂತೆಯಲ್ಲಿ ಇಷ್ಟು ಅಗ್ಗದ ಉಪಾಯಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲವೆಂಬುದು ನನ್ನ ವೈಯಕ್ತಿಕ ದೂರು. ಅಂದಹಾಗೆ, ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜೀಕ್ ಎಂಬ ನೆಟ್‌ವರ್ಕ್ ನಿಗಾ ಸಾಧನವನ್ನು ವರ್ನ್ ಪ್ಯಾಕ್ಸನ್ 1995ರಲ್ಲಿ 'ಬ್ರೋ' ಎಂಬ ಹೆಸರಿನಲ್ಲಿ ಬರೆಯಲಾರಂಭಿಸಿದ್ದು ಇದೇ ಬರ್ಕ್ಲಿ ಪ್ರಯೋಗಾಲಯದಲ್ಲಿ. ಆ ನೆಲದ ಗುಣವೇ ಹಾಗಿರಬೇಕು.

ಸಮಯ ಆಗಲೇ ಮೀರಿದೆ, ಉಳಿದದ್ದನ್ನು ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಯಂತ್ರವೇ ತಡೆಯಬಾರದೇಕೆ ಎಂಬ ಪ್ರಶ್ನೆಯ ಎರಡನೆಯ ಭಾಗ ಇನ್ನೂ ಬಾಕಿ ಇದೆ. ತಡೆಯಲೇಬೇಕಾದ ಸಂದರ್ಭಗಳು ಖಂಡಿತ ಇವೆ. ಸ್ಲ್ಯಾಮರ್ ಆರಂಭದಲ್ಲಿ ಪ್ರತಿ ಎಂಟೂವರೆ ಸೆಕೆಂಡಿಗೆ ಇಮ್ಮಡಿಯಾಗುತ್ತ, ತುತ್ತಾಗಬಲ್ಲ ಯಂತ್ರಗಳಲ್ಲಿ ಶೇಕಡ 90ಕ್ಕೂ ಹೆಚ್ಚಿನವನ್ನು ಹತ್ತು ನಿಮಿಷಗಳೊಳಗೆ ತಲುಪಿತು. ಆ ವೇಗದ ಮುಂದೆ, ನಿದ್ದೆಯಿಂದೆದ್ದು ಕನ್ನಡಕ ಹುಡುಕುವ ಮನುಷ್ಯನಿಂದ ಆಗುವುದೇನೂ ಇಲ್ಲ. ಆದರೆ ಯಂತ್ರದ ಕೈಗೆ ಅಧಿಕಾರ ಕೊಟ್ಟಾಗ ಅದರ ತಪ್ಪಿಗೂ ಅದೇ ವೇಗ ಬರುತ್ತದೆ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ವರ್ಮನ್ನು ಅಳಿಸಿ, ಸಾಫ್ಟ್‌ವೇರಿನ ದೋಷ ಮುಚ್ಚುವ ತೇಪೆಯನ್ನೂ ತಾನೇ ಹಾಕುತ್ತ ಹೊರಟ ವೆಲ್ಚಿಯಾ ಎಂಬ 'ಪರೋಪಕಾರಿ' ವರ್ಮ್, ಮುಂದಿನ ಯಂತ್ರವನ್ನು ಹುಡುಕುವ ಭರದಲ್ಲಿ ಹಲವು ನೆಟ್‌ವರ್ಕ್‌ಗಳನ್ನೇ ಉಸಿರುಗಟ್ಟಿಸಿತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ಸಾಫ್ಟ್‌ವೇರಿಗೆ ತಾನಾಗಿಯೇ ತಲುಪಿದ ದೋಷಪೂರಿತ ಕಡತವೊಂದನ್ನು 78 ನಿಮಿಷಗಳಲ್ಲಿ ಹಿಂತೆಗೆದುಕೊಂಡರೂ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಅಷ್ಟರಲ್ಲಿ ಕುಸಿದಿದ್ದವು. 2016ರಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಯಂತ್ರಗಳಿಗೆಂದೇ ನಡೆಸಿದ ಹ್ಯಾಕಿಂಗ್ ಸ್ಪರ್ಧೆಯಲ್ಲಿ ಗೆದ್ದ ಮೇಹೆಮ್ ಎಂಬ ಸ್ವಯಂಚಾಲಿತ ವ್ಯವಸ್ಥೆ, ಅದರ ಬೆನ್ನಿಗೇ ಮನುಷ್ಯರ ತಂಡಗಳ ಎದುರು ಆಡಿ ಕೊನೆಯ ಸ್ಥಾನ ಪಡೆಯಿತು. ಕೃತಕ ಬುದ್ಧಿಮತ್ತೆಯ ವಿಷಯಕ್ಕೆ ಬೇರೆಯೇ ವಿಡಿಯೋ ಬೇಕು.

ಕೊನೆಯದಾಗಿ ಒಂದು ಫೋನ್ ಕರೆ. 2020ರಲ್ಲಿ ಸೋಲಾರ್‌ವಿಂಡ್ಸ್ ಸಂಸ್ಥೆಯ ಒರಾಯನ್ ಎಂಬ ಸಾಫ್ಟ್‌ವೇರಿನ ಅಪ್‌ಡೇಟ್‌ನಲ್ಲಿ ದಾಳಿಕೋರರು ಗುಟ್ಟಾಗಿ ತಮ್ಮ ಕೋಡ್ ಸೇರಿಸಿದ್ದರು, ಸುಮಾರು 18,000 ಗ್ರಾಹಕರಿಗೆ ಅದು ತಲುಪಿತ್ತು. ಒರಾಯನ್ ಮಾಡುವ ಕೆಲಸವಾದರೂ ಏನು? ನೆಟ್‌ವರ್ಕಿನ ಮೇಲೆ ನಿಗಾ ಇಡುವುದು. ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ತಿಂಗಳುಗಟ್ಟಲೆ ಯಾವ ಸಾಧನವೂ ಹಿಡಿಯದಿದ್ದ ಇದು ಬಯಲಾದದ್ದು ಫೈರ್‌ಐ ಎಂಬ ಭದ್ರತಾ ಸಂಸ್ಥೆಯಲ್ಲಿ. ಅಲ್ಲಿಯ ಒಬ್ಬ ಉದ್ಯೋಗಿಯ ಹೆಸರಿನಲ್ಲಿ ಲಾಗಿನ್ ಖಚಿತಪಡಿಸುವ ಎರಡು ಫೋನ್‌ಗಳು ನೋಂದಣಿಯಾಗಿರುವುದು ಭದ್ರತಾ ಸಿಬ್ಬಂದಿಯ ಕಣ್ಣಿಗೆ ಬಿತ್ತು. ಹೊಸ ಫೋನ್ ಕೊಳ್ಳುವವರು ಲೆಕ್ಕವಿಲ್ಲದಷ್ಟು ಜನ ಇರುವಾಗ ಇದೂ ಆ ಹತ್ತು ಸಾವಿರದಲ್ಲಿ ಒಂದಾಗಿ ಹೋಗಬಹುದಿತ್ತು. ಆದರೆ ಸಿಬ್ಬಂದಿಯಲ್ಲೊಬ್ಬರು ಆ ಉದ್ಯೋಗಿಗೆ ನೇರವಾಗಿ ಕರೆ ಮಾಡಿ, ಈ ಎರಡನೆಯ ಫೋನನ್ನು ನೋಂದಾಯಿಸಿದ್ದು ನೀವೇನಾ ಎಂದು ಕೇಳಿದರು. ಅಲ್ಲ, ನಾನಲ್ಲ ಎಂಬ ಉತ್ತರ ಬಂತು.