ಟರ್ಬೈನ್‌ಗಳನ್ನು ತೆಗೆದ ಮೇಲೆ ಉಳಿದ ಜಾಗ

ಮಾನ್ಯರೆ,

ಲಂಡನ್ನಿನ ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ಸೇಂಟ್ ಪಾಲ್ಸ್ ಕೆಥೆಡ್ರಲ್‌ಗೆ ಎದುರಾಗಿ ನಿಂತಿರುವ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯವು ಮೊದಲು ತೈಲ ಉರಿಸಿ ವಿದ್ಯುತ್ ಉತ್ಪಾದಿಸುತ್ತಿದ್ದ ಬ್ಯಾಂಕ್‌ಸೈಡ್ ಸ್ಥಾವರವಾಗಿತ್ತು. ಬ್ರಿಟನ್ನಿನ ಕೆಂಪು ಟೆಲಿಫೋನ್ ಪೆಟ್ಟಿಗೆಗೆ ರೂಪು ಕೊಟ್ಟ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರೇ ಇದರ ವಾಸ್ತುಶಿಲ್ಪಿ. 1947ರಿಂದ 1963ರವರೆಗೆ ಎರಡು ಹಂತಗಳಲ್ಲಿ ಕಟ್ಟಿದ ಈ ಸ್ಥಾವರವು, ತೈಲದ ಬೆಲೆ ಏರಿ ಲಾಭದಾಯಕವಲ್ಲವೆನಿಸಿದ ಮೇಲೆ, 1981ರಲ್ಲಿ ಮುಚ್ಚಿತು.

ಅದನ್ನು ಸಂಗ್ರಹಾಲಯವಾಗಿಸುವ ಹೊಣೆ ಹೊತ್ತ ಸ್ವಿಟ್ಜರ್ಲೆಂಡಿನ ಹೆರ್ಜೋಗ್ ಮತ್ತು ಡಿ ಮ್ಯುರಾನ್ ಎಂಬ ವಾಸ್ತುಶಿಲ್ಪಿಗಳು ಇಟ್ಟಿಗೆಯ ಗೋಡೆಗಳನ್ನೂ 99 ಮೀಟರ್ ಎತ್ತರದ ಚಿಮಣಿಯನ್ನೂ ಹಾಗೆಯೇ ಉಳಿಸಿ, ಬಾಯ್ಲರ್‌ಗಳಿದ್ದ ಭಾಗವನ್ನು ಚಿತ್ರಶಾಲೆಗಳಾಗಿ ಪರಿವರ್ತಿಸಿದರು. 2000ದ ಮೇ ತಿಂಗಳಲ್ಲಿ ಸಂಗ್ರಹಾಲಯ ತೆರೆಯಿತು. ಅವರ ನಿಜವಾದ ಧೈರ್ಯ ಕಾಣುವುದು ಏನನ್ನು ಕಟ್ಟಿದರು ಎಂಬುದರಲ್ಲಲ್ಲ, ಏನನ್ನು ಕಟ್ಟದೆ ಬಿಟ್ಟರು ಎಂಬುದರಲ್ಲಿ. 155 ಮೀಟರ್ ಉದ್ದ, 23 ಮೀಟರ್ ಅಗಲ, 35 ಮೀಟರ್ ಎತ್ತರದ ಟರ್ಬೈನ್ ಹಾಲ್ ಅನ್ನು ಅವರು ಮಹಡಿಗಳಿಂದ ತುಂಬಲಿಲ್ಲ. ಪ್ರದರ್ಶನಕ್ಕೆ ಜಾಗ ಸಾಲದೆಂದು ಕೊರಗುವ ಯಾವ ಸಂಸ್ಥೆಗಾದರೂ ಇದು ದುಂದುಗಾರಿಕೆ ಎನಿಸಬಹುದಿತ್ತು.

ಆದರೆ ಆ ಖಾಲಿತನವೇ ಕಲಾವಿದರನ್ನು ಕೆಣಕಿತು. ಮೊದಲ ವರ್ಷ ಲೂಯಿಸ್ ಬೂರ್ಜ್ವಾ ಅವರು ಉಕ್ಕಿನ ಗೋಪುರಗಳನ್ನೂ ದೈತ್ಯ ಜೇಡವನ್ನೂ ಅಲ್ಲಿ ನಿಲ್ಲಿಸಿದರು. 2003ರಲ್ಲಿ ಒಲಾಫರ್ ಎಲಿಯಾಸನ್ ಅವರು ಹಳದಿ ದೀಪಗಳಿಂದ ಕೃತಕ ಸೂರ್ಯನನ್ನು ಮೂಡಿಸಿ, ಚಾವಣಿಗೆ ಕನ್ನಡಿ ಹೊದಿಸಿ, ಮಂಜು ಹರಿಸಿದಾಗ, ಬಂದ ಜನ ತಮ್ಮ ಪ್ರತಿಬಿಂಬ ನೋಡುತ್ತ ನೆಲದ ಮೇಲೆಯೇ ಮಲಗಿಬಿಟ್ಟರು. 2010ರಲ್ಲಿ ಐ ವೇವೇ ಅವರು ಚೀನಾದ ಜಿಂಗ್‌ಡೆಜೆನ್‌ನ ಕುಶಲಕರ್ಮಿಗಳು ಕೈಯಿಂದ ಬಣ್ಣ ಹಚ್ಚಿದ 10 ಕೋಟಿ ಪಿಂಗಾಣಿ ಸೂರ್ಯಕಾಂತಿ ಬೀಜಗಳನ್ನು ಹರಡಿದರು. ಅವುಗಳ ಮೇಲೆ ನಡೆದಾಡಲೆಂದೇ ಹರಡಿದ್ದರೂ, ಎದ್ದ ಧೂಳು ಆರೋಗ್ಯಕ್ಕೆ ಹಾನಿಕರವೆಂದು ಕೆಲವೇ ದಿನಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಇವೆಲ್ಲವುಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು ಕೊಲಂಬಿಯಾದ ಡೋರಿಸ್ ಸಾಲ್ಸೆಡೊ ಅವರ 2007ರ ಕೃತಿ. ಉಳಿದವರು ಹಾಲ್ ಅನ್ನು ತುಂಬಲು ನೋಡಿದರೆ, ಆಕೆ ನೆಲವನ್ನೇ ಉದ್ದಕ್ಕೂ ಸೀಳಿದರು. ವರ್ಣಭೇದವನ್ನೂ ಯುರೋಪಿನಲ್ಲಿ ವಲಸಿಗರು ಎದುರಿಸುವ ಬಹಿಷ್ಕಾರವನ್ನೂ ಕುರಿತ ಆ ಬಿರುಕನ್ನು ಪ್ರದರ್ಶನ ಮುಗಿದ ಮೇಲೆ ಮುಚ್ಚಲಾಯಿತಾದರೂ, ಅದರ ಗುರುತು ನೆಲದಲ್ಲಿ ಉಳಿಯಿತು. ಭವ್ಯತೆಗೆ ಮಾರುಹೋಗದೆ ಕಟ್ಟಡವನ್ನೇ ಪ್ರಶ್ನಿಸಿದ ಕೃತಿ ಅದು. ಗಾತ್ರಕ್ಕೆ ಗಾತ್ರದಿಂದಲೇ ಉತ್ತರಿಸಬೇಕೆಂಬ ಒತ್ತಡ ಇಂಥ ಜಾಗಗಳಲ್ಲಿ ಇದ್ದೇ ಇರುತ್ತದೆ. ಎಲ್ಲ ಕಲಾವಿದರೂ ಅದಕ್ಕೆ ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ.

ಮುಂದೆ 2012ರಲ್ಲಿ ನೆಲದಡಿಯ ತೈಲದ ಟ್ಯಾಂಕುಗಳು ಪ್ರದರ್ಶನ ಕಲೆಗೆ ತೆರೆದವು; 2016ರಲ್ಲಿ ಹತ್ತು ಅಂತಸ್ತಿನ ಹೊಸ ಕಟ್ಟಡವೂ ಸೇರಿತು.

ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋಗುವುದಿದ್ದರೆ ಒಂದು ಸೂಚನೆ. ಮಿಲೇನಿಯಂ ಸೇತುವೆ ದಾಟಿ ಬಂದವರಿಗೆ ಮೊದಲು ಸಿಗುವುದು ನದಿಯ ಕಡೆಯ ಬಾಗಿಲು. ಅದನ್ನು ಬಿಟ್ಟು, ಕಟ್ಟಡವನ್ನು ಬಳಸಿಕೊಂಡು ಹೋಗಿ ಪಶ್ಚಿಮದ ಇಳಿಜಾರಿನಿಂದ ಒಳಗೆ ನಡೆಯಿರಿ: ಹಾಲ್‌ನ ಪೂರ್ಣ ಉದ್ದ ಕಣ್ಣಿಗೆ ಬೀಳುವುದು ಅಲ್ಲಿಂದಲೇ.