ಎತ್ತರ ಆಮೇಲೆ, ಮೊದಲು ಅಂತರ

ಕೇಳುಗರಿಗೆ ನಮಸ್ಕಾರ.

ಕುದುರೆ ಜಿಗಿಯುವುದನ್ನು ನೋಡುವಾಗ ನಮ್ಮ ಕಣ್ಣೆಲ್ಲ ಎತ್ತರದ ಮೇಲೇ ಇರುತ್ತದೆ, ಅಲ್ವಾ? ತರಬೇತಿ ಕೊಡುವವರು ಮಾತ್ರ ಮೈದಾನಕ್ಕೆ ಬಂದ ಕೂಡಲೇ ಟೇಪು ಹಿಡಿದು ನೆಲ ಅಳೆಯುತ್ತಾರೆ. ಸಾಲಾಗಿ ಜಂಪ್‌ಗಳನ್ನು ಇಟ್ಟು ಕುದುರೆಯನ್ನು ಹಾಯಿಸುವ ಈ ಕಸರತ್ತಿಗೆ ಗ್ರಿಡ್ ಅಂತ ಹೆಸರು. ಇಲ್ಲಿ ಪಾಠ ಕಲಿಸುವುದು ಎತ್ತರವಲ್ಲ, ನಡುವಿನ ಅಂತರ.

ಶುರು ಮಾಡುವುದು ನೆಲದ ಮೇಲಿಟ್ಟ ಬರೀ ಕೋಲುಗಳಿಂದ. ಟ್ರಾಟ್‌ನಲ್ಲಿ, ಅಂದರೆ ನಡಿಗೆಗಿಂತ ಚುರುಕಾದ ಕುಲುಕು ಓಟದಲ್ಲಿ, ಬರುವ ಸಾಧಾರಣ ಗಾತ್ರದ ಕುದುರೆಗೆ ಕೋಲಿನಿಂದ ಕೋಲಿಗೆ ಸುಮಾರು 1.3 ಮೀಟರ್. ಕುದುರೆ ಕತ್ತು ತಗ್ಗಿಸಿ ನೋಡುತ್ತದೆ, ಕಾಲು ಎತ್ತೆತ್ತಿ ಇಡುತ್ತದೆ. ಗೊರಸು ಕೋಲಿಗೆ ತಾಗಿ ಟಕ್ ಅಂದರೆ ಸುಮ್ನೆ ಗದರಬೇಡಿ. ಅಂತರ ಸರಿಯಿದೆಯಾ ಅಂತ ಮೊದಲು ನೋಡಿ. ಪೋನಿಗೆ, ಅಂದರೆ ಗಿಡ್ಡ ಜಾತಿಯ ಕುದುರೆಗೆ, ಅದು ಕಡಿಮೆ ಬೇಕು, ಉದ್ದ ಹೆಜ್ಜೆಯ ಕುದುರೆಗೆ ತುಸು ಜಾಸ್ತಿ.

ಆಮೇಲೆ, ಕೊನೆಯ ಕೋಲು ದಾಟಿ 2.7 ಮೀಟರ್ ಆಚೆಗೆ, ಎರಡು ಕೋಲನ್ನು ಕತ್ತರಿಯ ಹಾಗೆ ಇಟ್ಟ ಚಿಕ್ಕ ಜಂಪ್. ನಡುವೆ ತಗ್ಗಿರುವುದರಿಂದ ಕುದುರೆ ತಾನಾಗಿ ನಡುವಿಗೆ ಬರುತ್ತದೆ. ಅಲ್ಲಿಂದ ಸುಮಾರು 5.5 ಮೀಟರ್‌ಗೆ ಎರಡನೆಯ ಜಂಪ್. ಇಳಿದು, ಕ್ಯಾಂಟರ್‌ನ (ಟ್ರಾಟ್‌ಗಿಂತ ವೇಗದ ಓಟ) ಒಂದೇ ಹೆಜ್ಜೆ ಹಾಕಿ, ಮತ್ತೆ ಜಿಗಿತ. ಕುದುರೆ ಇನ್ನಷ್ಟು ಪಳಗಿದ ಮೇಲೆ ಬೌನ್ಸ್. ಅಲ್ಲಿ ಅಂತರ ಮೂರು ಮೀಟರ್, ಮೂರೂವರೆ ಮೀಟರ್ ಅಷ್ಟೇ. ನಡುವೆ ಹೆಜ್ಜೆಯೇ ಇಲ್ಲ, ಇಳಿದಲ್ಲಿಂದಲೇ ಮತ್ತೆ ನೆಗೆತ. ಹಿಂಗಾಲು ಹೊಟ್ಟೆಯಡಿಗೆ ಬರದೆ ಗತಿಯಿಲ್ಲ. ಇದೆಲ್ಲವನ್ನೂ ಒಂದೇ ದಿನ ಕಟ್ಟಿಬಿಡಬೇಡಿ.

ಸವಾರನಿಗೆ ಇದರಿಂದ ಏನು ಲಾಭ? ನನ್ನ ಬಳಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಪ್ರತಿ ಜಿಗಿತಕ್ಕೂ ಲಗಾಮು ಎಳೆದು ಹಿಡಿಯುತ್ತಿದ್ದಳು. ಬಾಯಿಗೆ ನೋವಾಗಿ ಕುದುರೆ ತಲೆ ಮೇಲಕ್ಕೆತ್ತುತ್ತಿತ್ತು, ಬೆನ್ನು ಕೆಳಕ್ಕೆ ಜಗ್ಗುತ್ತಿತ್ತು. ಅಂತರ ಸರಿಯಾಗಿ ಅಳೆದ ಗ್ರಿಡ್‌ನಲ್ಲಿ, ಎರಡೂ ಕಡೆ ಬೇಲಿ ಇದ್ದ ಕಡೆ, ಲಗಾಮಿಗೆ ಗಂಟು ಹಾಕಿಸಿದೆ. ಮೊದಲ ಕೋಲು ದಾಟಿದ ಮೇಲೆ ಕೈ ಅಗಲಕ್ಕೆ ಚಾಚಬೇಕು ಅಂದೆ. ಎರಡು ಸಲ ಹೆದರಿದಳು. ಮೂರನೇ ಸಲ ಕೈ ಬಿಟ್ಟಳು. ಕುದುರೆ ಕತ್ತು ಮುಂದಕ್ಕೆ ಚಾಚಿತು, ಬೆನ್ನು ಕಮಾನಾಯಿತು, ಮುಂಗಾಲು ಎರಡೂ ಅಚ್ಚುಕಟ್ಟಾಗಿ ಮಡಚಿಕೊಂಡವು. ಯಾವಾಗ ನೆಗೆಯಬೇಕು ಅಂತ ಅವಳು ಹೇಳಿರಲಿಲ್ಲ. ಅಂತರವೇ ಹೇಳಿತ್ತು.

ಹಿಂದೆ ಸವಾರರು ಜಿಗಿಯುವಾಗ ಹಿಂದಕ್ಕೆ ವಾಲುತ್ತಿದ್ದರು. ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕ್ಯಾಪ್ರಿಲ್ಲಿ, 1907ರಲ್ಲಿ ತೀರಿಕೊಂಡವರು, ಆ ಪದ್ಧತಿ ಬದಲಿಸಿದರು. ಮುಂದಕ್ಕೆ ಬಾಗಿ ಕುದುರೆಯ ಜೊತೆ ಹೋಗಿ, ಬಾಯಿ ಎಳೆಯಬೇಡಿ ಅನ್ನುವುದು ಅವರ ಪಾಠ. ಆ ಹುಡುಗಿ ಅವತ್ತು ಕಲಿತದ್ದೂ ಅದನ್ನೇ.

ಇನ್ನೊಂದು ಮಾತು. ನಾಲ್ಕೈದು ಸಲ ಚೆನ್ನಾಗಿ ಹಾಯ್ದರೆ ಸಾಕು. ದಣಿದ ಕುದುರೆ ಕಾಲೆಳೆಯುತ್ತದೆ, ಕೋಲು ಬೀಳಿಸುತ್ತದೆ, ಎಡವಲೂಬಹುದು. ಇನ್ನೊಂದೇ ಸಲ ಅಂತ ಆಸೆಯಾದರೂ ಅಲ್ಲಿಗೆ ನಿಲ್ಲಿಸಿ. ಲಗಾಮು ಸಡಿಲ ಬಿಟ್ಟು, ಉಸಿರು ಹದಕ್ಕೆ ಬರುವ ತನಕ ನಿಧಾನವಾಗಿ ನಡೆಸಿ.